ಅರಿಯಲೂರಿಗೆ ಕಡಲು ಬಂದಿದ್ದ ಕಾಲ

ಅರಿಯಲೂರು ಎಂಬ ಹೆಸರು ನಮ್ಮ ಹಿರಿಯರಿಗೆ ನೆನಪಿರುವುದು ಒಂದು ರೈಲು ದುರಂತದಿಂದ. 1956ರ ನವೆಂಬರಿನಲ್ಲಿ ಮಳೆನೀರಿನ ರಭಸಕ್ಕೆ ಅಲ್ಲಿನ ಸೇತುವೆ ಕುಸಿದು ತೂತ್ತುಕುಡಿ ಎಕ್ಸ್‌ಪ್ರೆಸ್ ಹೊಳೆಗೆ ಬಿತ್ತು. ಹೊಣೆ ಹೊತ್ತು ರೈಲ್ವೆ ಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರು. ಭೂವಿಜ್ಞಾನಿಗಳಿಗೆ ಈ ಊರು ಗೊತ್ತಿರುವುದು ಇನ್ನೂ ನೂರು ವರ್ಷ ಹಿಂದಿನಿಂದ, ಅದೂ ಬೇರೆಯೇ ಕಾರಣಕ್ಕೆ. ಬಂಗಾಳ ಕೊಲ್ಲಿಯಿಂದ ಸುಮಾರು 80 ಕಿಲೋಮೀಟರ್ ಒಳಗಿರುವ ಈ ಬಯಲಿನಲ್ಲಿ ಹೊಲ ಉಳುವವರ ನೇಗಿಲಿಗೆ, ಕೆರೆ ಹೂಳೆತ್ತುವವರ ಗುದ್ದಲಿಗೆ ಕಡಲಿನ ಸಿಂಪಿ, ಶಂಖ, ಹವಳಗಳು ಕಲ್ಲಾಗಿ ಸಿಗುತ್ತವೆ. ಕಾರೈ ಎಂಬ ಊರಿನ ಬಳಿ ಮಳೆ ಕೊರೆದ ಹಳದಿ ಜೇಡಿಯ ದಿಬ್ಬಗಳ ಮೇಲೆ ಬೆರಳು ಗಾತ್ರದ, ಒಂದು ತುದಿ ಚೂಪಾದ ಕಲ್ಲಿನ ಕಡ್ಡಿಗಳು ಚೆಲ್ಲಿಕೊಂಡಿರುತ್ತವೆ. ಅವು ಬೆಲೆಮ್ನೈಟ್‌ಗಳು, ಇಂದಿನ ಬೊಂಡಾಸ, ಅಂದರೆ ಸ್ಕ್ವಿಡ್‌ಗಳ ದೂರದ ನೆಂಟರ ಒಳಕವಚ.

ಹಾಗಾದರೆ ಕಡಲು ಇಲ್ಲಿಯವರೆಗೆ ಬಂದಿತ್ತು. ಯಾವಾಗ ಬಂತು? ಎಷ್ಟು ಆಳವಿತ್ತು? ದಡ ಎಲ್ಲಿತ್ತು? ಯಾವಾಗ ಹಿಂದೆ ಸರಿಯಿತು? ಶಾಸನ ಬರೆಯುವವರಿರಲಿ, ಮನುಷ್ಯನೇ ಇಲ್ಲದ ಕಾಲದ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ಚಿಪ್ಪುಗಳು. ಆ ಉತ್ತರವನ್ನು ಓದುವುದಕ್ಕೆ ಒಂದೂವರೆ ಶತಮಾನ ಹಿಡಿಯಿತು. ಮೊದಲ ಓದು ಅರ್ಧ ಸರಿ, ಅರ್ಧ ತಪ್ಪು. ಯಾಕೆ ತಪ್ಪಿತು ಎನ್ನುವುದರಲ್ಲಿಯೇ ಈ ವಿದ್ಯೆಯ ಮುಖ್ಯ ಪಾಠವಿದೆ.

ಲಂಡನ್ನಿಗೆ ಹೋದ ಪೆಟ್ಟಿಗೆಗಳು

1840ರ ದಶಕದ ಆರಂಭ. ಮದರಾಸು ಸಿವಿಲ್ ಸರ್ವಿಸಿನ ಇಬ್ಬರು ಅಧಿಕಾರಿಗಳು, ಸಿ. ಟಿ. ಕೇ ಮತ್ತು ಬ್ರೂಕ್ ಕನ್ಲಿಫ್, ಪುದುಚೇರಿ, ವೃದ್ಧಾಚಲಂ ಮತ್ತು ತಿರುಚಿರಾಪಳ್ಳಿ ಸೀಮೆಗಳಲ್ಲಿ ಚಿಪ್ಪಿನ ಕಲ್ಲುಗಳನ್ನು ಕೂಡಿಸಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಗೆ ಕಳಿಸಿದರು. ಮೀನಿನ ಹಲ್ಲುಗಳನ್ನು ಪರೀಕ್ಷಿಸುವ ಕೆಲಸ ಸರ್ ಫಿಲಿಪ್ ಎಜರ್ಟನ್ನರಿಗೆ ಬಂತು. ಉಳಿದ ಚಿಪ್ಪುಗಳೆಲ್ಲ ಎಡ್ವರ್ಡ್ ಫೋರ್ಬ್ಸ್ ಎಂಬ ಯುವ ವಿಜ್ಞಾನಿಯ ಮೇಜಿನ ಮೇಲೆ ಬಂದು ಬಿದ್ದವು.

ಆ ಕೆಲಸಕ್ಕೆ ಅವನಿಗಿಂತ ತಕ್ಕವರು ಸಿಗುವುದು ಕಷ್ಟವಿತ್ತು. 1841ರಲ್ಲಿ ಬೀಕನ್ ಎಂಬ ನೌಕಾಪಡೆಯ ಹಡಗಿನಲ್ಲಿ ಹೊರಟು ಅವನು ಏಜಿಯನ್ ಸಮುದ್ರದ ತಳವನ್ನು ಬಲೆಚೀಲದಿಂದ ಕೆರೆದು ಕೆರೆದು ನೋಡಿದ್ದ. ದಡದ ಬಂಡೆಗೆ ಅಂಟಿಕೊಳ್ಳುವ ಚಿಪ್ಪು ಬೇರೆ, ಹತ್ತು ಮಾರು ಆಳದ ಮರಳಿನಲ್ಲಿ ಹೂತಿರುವುದು ಬೇರೆ, ನೂರು ಮಾರಿನ ಕೆಸರಿನಲ್ಲಿ ಬದುಕುವುದು ಬೇರೆ ಎಂದು ಕಂಡುಕೊಂಡು ಕಡಲನ್ನು ಆಳಕ್ಕೆ ತಕ್ಕಂತೆ ಎಂಟು ವಲಯಗಳಾಗಿ ವಿಂಗಡಿಸಿದ್ದ. ಮುನ್ನೂರು ಮಾರಿನ ಕೆಳಗೆ ಜೀವವೇ ಇಲ್ಲ ಎಂದು ಅವನು ಊಹಿಸಿದ್ದು ಮುಂದೆ ಸುಳ್ಳಾಯಿತು. ಆದರೆ ಯಾವ ಚಿಪ್ಪು ಎಂದು ಗೊತ್ತಾದರೆ ನೀರಿನ ಆಳ ಎಷ್ಟೆಂದು ಹೇಳಬಹುದು ಎಂಬ ಅವನ ಮೂಲ ಸೂತ್ರ ಇಂದಿಗೂ ನಡೆಯುತ್ತಿದೆ. ಮಣ್ಣಾಗಿಹೋದ ಕಡಲಿನ ತೀರವನ್ನು ಮತ್ತೆ ಕಟ್ಟಿ ನೋಡುವ ಕೆಲಸಕ್ಕೆ ಅದೇ ಅಡಿಗಲ್ಲು.

ಫೋರ್ಬ್ಸ್ 1846ರಲ್ಲಿ ತನ್ನ ವರದಿ ಪ್ರಕಟಿಸಿದ. ಬಂದ ಚಿಪ್ಪುಗಳಲ್ಲಿ ಬಹುಪಾಲು ಯುರೋಪಿನಲ್ಲಿ ಯಾರೂ ಕಾಣದವು. ಹೊಸ ಜಾತಿಗಳಿಗೆ ಹೆಸರು ಬೇಕಲ್ಲ? ಸುರುಳಿ ಸುತ್ತಿದ ಅಮೊನೈಟ್‌ಗಳಿಗೆ ಅವನು ನಮ್ಮ ದೇವರುಗಳ ಹೆಸರನ್ನೇ ಸಾಲಾಗಿ ಇಟ್ಟ: ಬ್ರಹ್ಮ, ವಿಷ್ಣು, ಇಂದ್ರ, ವರುಣ, ಸೂರ್ಯ, ಗಣೇಶ, ಮನು. ಆ ಹೆಸರುಗಳು ಇಂದೂ ಉಳಿದಿವೆ. ಕುಲನಾಮಗಳು ಬದಲಾದರೂ ಸ್ಯೂಡೋಫಿಲ್ಲೈಟಿಸ್ ಇಂದ್ರ, ಝೀಲಾಂಡೈಟಿಸ್ ವರುಣ, ಬ್ರಹ್ಮೈಟಿಸ್ ಬ್ರಹ್ಮ ಎಂದೇ ಜಗತ್ತಿನಾದ್ಯಂತ ಬರೆಯುತ್ತಾರೆ. ಗಂಡಕಿಯ ಸಾಲಿಗ್ರಾಮವೂ ಅಮೊನೈಟೇ. ಅದನ್ನು ಪೂಜಿಸುವ ನಾಡಿನ ಅಮೊನೈಟ್‌ಗಳಿಗೆ ವಿಷ್ಣುವಿನ ಹೆಸರು ಬಿದ್ದದ್ದು ತಕ್ಕುದೇ ಆಯಿತು.

ಹೆಸರಿಟ್ಟ ಮೇಲೆ ಕಾಲ ಹೇಳಬೇಕು. ತಿರುಚಿರಾಪಳ್ಳಿ ಮತ್ತು ವೃದ್ಧಾಚಲದ ಚಿಪ್ಪುಗಳು ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್ ಅವಧಿಯ ನಡುಗಾಲದವು, ಪುದುಚೇರಿಯವು ಅದಕ್ಕಿಂತ ಹಳೆಯವು, ಕ್ರಿಟೇಶಿಯಸ್ಸಿನ ತೀರ ಆರಂಭದವು ಎಂದು ಫೋರ್ಬ್ಸ್ ತೀರ್ಮಾನಿಸಿದ. ಕ್ರಿಟೇಶಿಯಸ್ ಎಂದದ್ದು ಸರಿ. ಪುದುಚೇರಿಯ ಮಾತು ಮಾತ್ರ ತಲೆಕೆಳಗು. ಪ್ಯಾರಿಸ್ಸಿನಲ್ಲಿ ಕೂತು ಅದೇ ಪುದುಚೇರಿಯ ಚಿಪ್ಪುಗಳನ್ನು ನೋಡಿದ ಆಲ್ಸಿಡ್ ದ ಓರ್ಬಿನಿ, ಇವು ಕ್ರಿಟೇಶಿಯಸ್ಸಿನ ಕೊನೆಯ ಭಾಗದವು ಎಂದ. ಇಬ್ಬರೂ ದೊಡ್ಡ ವಿದ್ವಾಂಸರು, ಇಬ್ಬರ ಮುಂದೆಯೂ ಒಂದೇ ಊರಿನ ಚಿಪ್ಪು. ನಡುವಿನ ಅಂತರ, ಇಂದಿನ ಲೆಕ್ಕದಲ್ಲಿ, ಐದಾರು ಕೋಟಿ ವರ್ಷ!

ಚಿಪ್ಪು ಕಾಲ ಹೇಳುವ ಬಗೆ

ಇಷ್ಟು ದೊಡ್ಡ ಅಂತರ ಹೇಗೆ ಬಂತು ಎಂದು ತಿಳಿಯಲು ಚಿಪ್ಪು ಕಾಲವನ್ನು ಹೇಳುವ ಬಗೆಯನ್ನು ಒಮ್ಮೆ ನೋಡಬೇಕು. ಹಂಪಿಯ ಮಣ್ಣಿನಲ್ಲಿ ಕೃಷ್ಣದೇವರಾಯನ ನಾಣ್ಯ ಸಿಕ್ಕರೆ ಆ ಪದರದ ಕಾಲ ಗೊತ್ತಾಗುವುದು ಆ ಅರಸ ಆಳಿದ್ದು ಕೆಲವೇ ವರ್ಷ, ನಾಣ್ಯ ಹರಡಿದ್ದು ಬಹುದೂರ ಎಂಬ ಕಾರಣಕ್ಕೆ. ಕಾಲಸೂಚಕ ಪಳೆಯುಳಿಕೆಗೂ ಅವೇ ಎರಡು ಗುಣ ಬೇಕು. ಅಮೊನೈಟ್‌ಗಳಲ್ಲಿ ಅವೆರಡೂ ಇದ್ದವು. ಈಜುವ ಜೀವಿಗಳಾದ್ದರಿಂದ ಅವು ಕಡಲಿನಿಂದ ಕಡಲಿಗೆ ಹಬ್ಬಿದವು. ಒಂದೊಂದು ಜಾತಿ ಹುಟ್ಟಿ ಅಳಿಯುವುದೂ ಬೇಗ. ದಡದ ಸಿಂಪಿಗಳು ಹಾಗಲ್ಲ. ಅವು ಇದ್ದಲ್ಲಿಯೇ ಇರುತ್ತವೆ, ಬಹುಕಾಲ ರೂಪ ಬದಲಿಸುವುದಿಲ್ಲ. ಹಾಗಾಗಿ ಸಿಂಪಿ ಸ್ಥಳವನ್ನು ಚೆನ್ನಾಗಿ ಹೇಳುತ್ತದೆ, ಅಮೊನೈಟ್ ಕಾಲವನ್ನು ಚೆನ್ನಾಗಿ ಹೇಳುತ್ತದೆ. ಹಳೆಯ ತೀರವನ್ನು ಕಟ್ಟಿಕೊಡಲು ಎರಡೂ ಬೇಕು.

ಫೋರ್ಬ್ಸ್‌ಗೆ ಬಂದದ್ದು ಪೆಟ್ಟಿಗೆ. ಅದರಲ್ಲಿ ಚಿಪ್ಪುಗಳಿದ್ದವು, ಆದರೆ ಯಾವ ಚಿಪ್ಪು ಯಾವ ಪದರದ್ದು, ಆ ಪದರ ಯಾವುದರ ಮೇಲೆ, ಯಾವುದರ ಕೆಳಗೆ ಎಂಬುದನ್ನು ಅವನು ಕಣ್ಣಾರೆ ನೋಡಿರಲಿಲ್ಲ. ಜಾತಿಗಳು ಹೊಸವು, ಆದ್ದರಿಂದ ಹೋಲಿಕೆಯ ಮೇಲೆಯೇ ಅಂದಾಜು ಮಾಡಬೇಕಾಯಿತು. ಯುರೋಪಿನ ಯಾವ ಚಿಪ್ಪನ್ನು ಇದು ಹೆಚ್ಚು ಹೋಲುತ್ತದೆ ಎಂಬ ತೂಗಾಟದಲ್ಲಿ ಒಬ್ಬರ ತಕ್ಕಡಿ ಈ ಕಡೆ, ಇನ್ನೊಬ್ಬರದು ಆ ಕಡೆ ವಾಲಿತು. ಇದನ್ನು ಬಗೆಹರಿಸಲು ಯಾರಾದರೂ ಆ ನೆಲದ ಮೇಲೆ ನಡೆಯಲೇಬೇಕಿತ್ತು.

ಬ್ಲಾನ್‌ಫರ್ಡ್ ನಡೆದ ದಾರಿ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಅವರ ಕೈಯಲ್ಲಿ ಶುರುವಾಯಿತು. 1855ರಲ್ಲಿ ಅಲ್ಲಿಗೆ ಸೇರಿದ ಹೆನ್ರಿ ಫ್ರಾನ್ಸಿಸ್ ಬ್ಲಾನ್‌ಫರ್ಡ್ ಕೆಲವೇ ವರ್ಷಗಳಲ್ಲಿ ತಿರುಚಿರಾಪಳ್ಳಿ ಮತ್ತು ದಕ್ಷಿಣ ಆರ್ಕಾಟಿನ ಕ್ರಿಟೇಶಿಯಸ್ ಕಲ್ಲುಗಳನ್ನು ನಕ್ಷೆಗೆ ಇಳಿಸಿದರು. ಮುಂದೆ ಇದೇ ಬ್ಲಾನ್‌ಫರ್ಡ್ 1875ರಲ್ಲಿ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಸುತ್ತಲಿನ ಸೇಲಂ, ತಂಜಾವೂರು ಸೀಮೆಗಳ ಹಳೆಯ ಗಟ್ಟಿ ಕಲ್ಲುಗಳನ್ನು ವಿಲಿಯಂ ಕಿಂಗ್ ಜೊತೆ ಪರಿಶೀಲಿಸಿದವರು ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿಯ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಜಗತ್ತಿಗೆ ತೋರಿಸಿದ, 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದ ಫೂಟ್ ಇವರೇ.

ಅಲ್ಲಿನ ನೆಲ ಬ್ಲಾನ್‌ಫರ್ಡರಿಗೆ ಒಂದು ಅನುಕೂಲ ಮಾಡಿಕೊಟ್ಟಿತ್ತು. ಪದರಗಳು ಪೂರ್ವದ ಕಡೆಗೆ ಮೆಲ್ಲನೆ ವಾಲಿವೆ. ಹಾಗಾಗಿ ಪಶ್ಚಿಮದ ಗ್ನೈಸ್ ಎಂಬ ಹಳೆಯ ಗಟ್ಟಿ ಬಂಡೆಗಳಿಂದ ಪೂರ್ವಕ್ಕೆ ನಡೆದಂತೆ ಹಳೆಯ ಪದರದಿಂದ ಹೊಸ ಪದರಕ್ಕೆ ಏರಿದಂತಾಗುತ್ತದೆ. ಒಂದು ದಿನದ ನಡಿಗೆಯಲ್ಲಿ ಕೋಟಿಗಟ್ಟಲೆ ವರ್ಷ ದಾಟಬಹುದು. ಹೀಗೆ ನಡೆದು, ಯಾವ ಪದರದಲ್ಲಿ ಯಾವ ಚಿಪ್ಪು ಎಂದು ಗುರುತಿಸಿ, 1862ರ ವರದಿಯಲ್ಲಿ ಅವರು ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಮೂರು ಗುಂಪು ಮಾಡಿದರು: ಊಟ್ಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು. ಒಳವಿಭಾಗಗಳು ಎಷ್ಟೋ ಬದಲಾಗಿದ್ದರೂ ಈ ಮೂರು ಹೆಸರು ಇಂದಿನ ಪಠ್ಯಪುಸ್ತಕದಲ್ಲೂ ಹಾಗೆಯೇ ಇವೆ.

ಸರ್ವೇಕ್ಷಣೆ ಕೂಡಿಸಿದ ಚಿಪ್ಪಿನ ರಾಶಿಯನ್ನು ಬಿಡಿಸಲು 1862ರಲ್ಲಿ ವಿಯೆನ್ನಾದಿಂದ ಬಂದವರು ಫರ್ಡಿನಾಂಡ್ ಸ್ಟೊಲಿಚ್ಕಾ. ಮೊರಾವಿಯದವರು, ಆಗಿನ್ನೂ 24ರ ಹರೆಯ. ಬೆಲೆಮ್ನೈಟ್ ಮತ್ತು ನಾಟಿಲಸ್‌ಗಳ ಭಾಗವನ್ನು ಬ್ಲಾನ್‌ಫರ್ಡ್ ಬರೆದಿದ್ದರು. ಉಳಿದದ್ದನ್ನೆಲ್ಲ, ಅಮೊನೈಟ್, ಶಂಖ, ಸಿಂಪಿ, ಕಡಲ ಮುಳ್ಳುಜೀವಿ, ಹವಳ, ಒಂದನ್ನೂ ಬಿಡದೆ ಸ್ಟೊಲಿಚ್ಕಾ ಹತ್ತು ವರ್ಷಗಳಲ್ಲಿ ಬರೆದು ಮುಗಿಸಿದರು. ಪ್ಯಾಲಿಯಂಟಾಲಜಿಯಾ ಇಂಡಿಕಾ ಮಾಲೆಯಲ್ಲಿ ನಾಲ್ಕು ಸಂಪುಟಗಳಾಗಿ ಬಂದ ಈ ಕೆಲಸ 1873ಕ್ಕೆ ಪೂರ್ತಿಯಾಯಿತು. ಮರುವರ್ಷ ಯಾರ್ಕಂದಕ್ಕೆ ಹೋದ ಸರ್ಕಾರಿ ತಂಡದೊಂದಿಗೆ ಮರಳುವಾಗ, ಲಡಾಖಿನ ಎತ್ತರದಲ್ಲಿ, ಜೂನ್ 19ರಂದು ಅವರು ತೀರಿಕೊಂಡರು. ಆಗ ವಯಸ್ಸು 36. ಲೇಹ್‌ನಲ್ಲಿ ಅವರ ಸ್ಮಾರಕವಿದೆ. ಅವರ ಹೆಸರಿನ ಅಮೊನೈಟ್ ಕುಲ ಸ್ಟೊಲಿಚ್ಕಾಯ. ಆ ಕುಲದ ಒಂದು ಜಾತಿ ಯುರೋಪಿನಲ್ಲಿಯೂ ಕ್ರಿಟೇಶಿಯಸ್ಸಿನ ಆಲ್ಬಿಯನ್ ಎಂಬ ಅವಧಿಯ ಕೊನೆಯ ವಲಯಕ್ಕೆ ಗುರುತಾಗಿದೆ.

ಪುದುಚೇರಿಯ ವ್ಯಾಜ್ಯ ತೀರಿದ್ದು ಶತಮಾನದ ಕೊನೆಗೆ. ಡಾ. ವಾರ್ತ್ ಎಂಬವರು ಪದರ ಪದರವಾಗಿ ಮತ್ತೆ ಕೂಡಿಸಿದ ಚಿಪ್ಪುಗಳನ್ನೂ ಸ್ಟೊಲಿಚ್ಕಾ ಅವರ ಸಂಪುಟಗಳನ್ನೂ ಮುಂದಿಟ್ಟುಕೊಂಡು ವಿಯೆನ್ನಾದ ಫ್ರಾಂಜ್ ಕೋಸ್ಮಾಟ್ 1895ರಿಂದ 1898ರವರೆಗೆ ತಮ್ಮ ಅಧ್ಯಯನ ಪ್ರಕಟಿಸಿದರು. ಪುದುಚೇರಿಯ ಪದರಗಳು ಅರಿಯಲೂರಿನ ಮೇಲಿನ ಪದರಗಳ ಓರಗೆಯವು, ಕ್ರಿಟೇಶಿಯಸ್ಸಿನ ಕೊನೆಯವು ಎಂದು ಖಚಿತವಾಯಿತು. ಓರ್ಬಿನಿ ಗೆದ್ದರು. ಫೋರ್ಬ್ಸ್ ಆ ಹೊತ್ತಿಗೆ ತೀರಿಕೊಂಡು 40 ವರ್ಷಗಳಾಗಿದ್ದವು.

ಪಶ್ಚಿಮದಿಂದ ಪೂರ್ವಕ್ಕೆ

ಈಗ ಅದೇ ದಾರಿಯಲ್ಲಿ ನಾವೂ ಒಮ್ಮೆ ನಡೆದು ಆ ಕಡಲಿನ ತೀರವನ್ನು ನೋಡೋಣ.

ಪಶ್ಚಿಮದ ಅಂಚಿನಲ್ಲಿ ಕಡಲ ಪದರದ ಬುಡಕ್ಕೆ ಗ್ನೈಸ್ ಗುಂಡುಗಳು ಸೇರಿಕೊಂಡಿವೆ. ಅಷ್ಟು ದೊಡ್ಡ ಗುಂಡು ಆಳದ ಕಡಲಿಗೆ ಉರುಳಿ ಹೋಗುವುದಿಲ್ಲ, ಆದ್ದರಿಂದ ದಡ ಅಲ್ಲೇ ಹತ್ತಿರವಿತ್ತು. ಅದೇ ಸುತ್ತಿನಲ್ಲಿ ಕಲ್ಲಕ್ಕುಡಿಯ ಬಳಿ ಹವಳ ಮತ್ತು ಕಡಲ ಪಾಚಿಗಳು ಕಟ್ಟಿದ ಸುಣ್ಣಕಲ್ಲಿದೆ. ಹವಳ ದಿಬ್ಬ ಕಟ್ಟುವುದು ಬೆಚ್ಚಗಿನ, ತಿಳಿಯಾದ, ಬಿಸಿಲು ತಳ ಮುಟ್ಟುವ ಆಳವಿಲ್ಲದ ನೀರಿನಲ್ಲಿ. ನದಿಯ ಕೆಸರು ಬಂದು ಕಲಕಿದರೆ ಅದು ಸಾಯುತ್ತದೆ. ಹತ್ತು ಕೋಟಿ ವರ್ಷಕ್ಕೂ ಹಿಂದೆ, ಆಲ್ಬಿಯನ್ ಅವಧಿಯಲ್ಲಿ, ಇಲ್ಲಿ ಅಂಥ ತಿಳಿಗಡಲಿತ್ತು. ಈ ಸುಣ್ಣಕಲ್ಲನ್ನೇ ನಂಬಿ 1939ರಲ್ಲಿ ಅಲ್ಲಿ ಸಿಮೆಂಟ್ ಕಾರ್ಖಾನೆ ಬಂತು, ಊರಿಗೆ ದಾಲ್ಮಿಯಾಪುರಂ ಎಂದು ಹೆಸರಾಯಿತು. ಆ ಹೆಸರು ತೆಗೆದು ಕಲ್ಲಕ್ಕುಡಿ ಎಂದೇ ಇಡಬೇಕೆಂದು 1953ರ ಜುಲೈಯಲ್ಲಿ ಕರುಣಾನಿಧಿ ರೈಲು ಹಳಿಯ ಮೇಲೆ ಮಲಗಿ ಹೋರಾಡಿದ್ದು ತಮಿಳು ರಾಜಕಾರಣದ ಒಂದು ಘಟ್ಟ. ಅದರ ಬೇರು ಹವಳದ ದಿಬ್ಬದವರೆಗೆ ಇಳಿದಿದೆ ಎಂದರೆ ಸುಳ್ಳಲ್ಲ.

ಹವಳದ ಕಲ್ಲು ದಾಟಿದರೆ ಕಾರೈಯ ಜೇಡಿ. ಜಿಪ್ಸಮ್ ಎಳೆಗಳು ಬಿಸಿಲಿಗೆ ಮಿನುಗುವ ಈ ದಿಬ್ಬಗಳಲ್ಲಿ ಹವಳವಿಲ್ಲ. ಬೆಲೆಮ್ನೈಟ್, ಅಮೊನೈಟ್‌ಗಳ ರಾಜ್ಯ. ನುಣ್ಣನೆಯ ಜೇಡಿ ತಳಕ್ಕೆ ಇಳಿಯಲು ಅಲೆ ಕಲಕದ ನೀರು ಬೇಕು. ಎಂದರೆ ಕಡಲು ಏರಿತ್ತು, ದಡ ಇನ್ನಷ್ಟು ಹಿಂದಕ್ಕೆ ಹೋಗಿತ್ತು, ಇದ್ದ ಜಾಗ ಆಳವಾಗಿತ್ತು. ಆ ಕಾಲದಲ್ಲಿ ಭೂಮಿಯುದ್ದಕ್ಕೂ ಕಡಲಮಟ್ಟ ಬಹಳ ಎತ್ತರದಲ್ಲಿತ್ತು ಎಂಬುದು ಬೇರೆ ಖಂಡಗಳ ಕಲ್ಲುಗಳಿಂದಲೂ ಗೊತ್ತು. ಊಟ್ಟತ್ತೂರು ಎಂಬ ಸಣ್ಣ ಊರಿನ ಹೆಸರನ್ನು ಹೊತ್ತ ಊಟಟೂರಿಸೆರಸ್ ಎಂಬ ಅಮೊನೈಟ್ ಕುಲವೂ ಈ ಹೊತ್ತಿನದು.

ಮುಂದೆ ಗರುಡಮಂಗಲಂ. ಇಲ್ಲಿನ ಕಲ್ಲೆಂದರೆ ಶಂಖ, ಸಿಂಪಿಗಳೇ ಒತ್ತೊತ್ತಾಗಿ ಗಟ್ಟಿಯಾದ ಗಾರೆ. ನುಣುಪು ಮಾಡಿದರೆ ಹೊಳೆಯುತ್ತದೆ ಎಂದು ತಿರುಚಿನಾಪಳ್ಳಿ ಅಮೃತಶಿಲೆ ಎಂಬ ಹೆಸರಿನಲ್ಲಿ ಅಲಂಕಾರಕ್ಕೆ ಬಳಸುತ್ತಿದ್ದರು. ಕಡಲಿನ ಆಳ ಮತ್ತೆ ಕಡಿಮೆಯಾಗಿತ್ತು, ದಡ ಹತ್ತಿರ ಬಂದಿತ್ತು ಎಂಬುದಕ್ಕೆ ಕಲ್ಲಾದ ಮರಗಳೂ ಸಾಕ್ಷಿ. ಸಾತನೂರಿನಲ್ಲಿ ಮಲಗಿರುವ ಕಲ್ಲುಮರದ ಕಾಂಡ 18 ಮೀಟರಿಗೂ ಹೆಚ್ಚು ಉದ್ದ. ಹೂ ಬಿಡದ, ಕಾಯಿಶಂಕುವಿನ ಜಾತಿಯದು. ಇದನ್ನು 1940ರಲ್ಲಿ ಲೋಕಕ್ಕೆ ತಿಳಿಸಿದವರು ಸರ್ವೇಕ್ಷಣೆಯ ಎಂ. ಎಸ್. ಕೃಷ್ಣನ್. ಇಲ್ಲಿ ಎಚ್ಚರ ಬೇಕು. ಮರ ಸಿಕ್ಕಿತು, ಆದ್ದರಿಂದ ಇಲ್ಲಿ ಕಾಡಿತ್ತು ಎಂದರೆ ತಪ್ಪಾಗುತ್ತದೆ. ಕಾಂಡ ಸಿಕ್ಕಿರುವುದು ಕಡಲ ಚಿಪ್ಪುಗಳಿರುವ ಪದರದಲ್ಲಿ. ಈ ಸೀಮೆಯ ಕಲ್ಲುಮರದ ತುಂಡುಗಳಲ್ಲಿ, ಇಂದು ದೋಣಿಯ ಹಲಗೆ ಕೊರೆಯುವ ಹುಳುವಿನಂಥ ಚಿಪ್ಪುಜೀವಿ ಕೊರೆದ ತೂತುಗಳೂ ಇವೆ. ಕಾಡು ಇದ್ದದ್ದು ಪಶ್ಚಿಮದ ನೆಲದ ಮೇಲೆ. ನದಿ ಹೊತ್ತು ತಂದ ಮರ ಕಡಲಲ್ಲಿ ತೇಲಿ, ಹುಳ ತಿಂದು, ನೀರು ಕುಡಿದು ಮುಳುಗಿತು.

ಅರಿಯಲೂರಿನ ಹತ್ತಿರದ ಕಲ್ಲಂಕುರಿಚ್ಚಿಯಲ್ಲಿ ಅಂಗೈಯಗಲದ ದಪ್ಪ ಸಿಂಪಿಗಳ ರಾಶಿಯೇ ಸುಣ್ಣಕಲ್ಲಾಗಿದೆ. ಇಂಥ ರಾಶಿಯನ್ನು ಓದುವುದೇ ಒಂದು ಕಲೆ. 1999ರಲ್ಲಿ ಜರ್ಮನಿಯ ಫ್ರಾಂಜ್ ಫ್ಯೂರ್ಶಿಶ್ ಮತ್ತು ನಮ್ಮ ಡಿ. ಕೆ. ಪಾಂಡೆ ಈ ಸೀಮೆಯ ಚಿಪ್ಪುರಾಶಿಗಳು ಹೇಗೆ ಕೂಡಿದವು ಎಂದೇ ಒಂದು ಅಧ್ಯಯನ ಪ್ರಕಟಿಸಿದರು. ಸಿಂಪಿಯ ಎರಡು ಹೋಳೂ ಜೋಡಿಯಾಗಿ ಮುಚ್ಚಿಕೊಂಡೇ ಇದ್ದರೆ ಅದು ಬದುಕಿದಲ್ಲೇ ಹೂತುಹೋಯಿತು. ಹೋಳುಗಳು ಬೇರೆಯಾಗಿ, ಅಂಚು ಸವೆದು, ಗಾತ್ರಕ್ಕೆ ತಕ್ಕಂತೆ ವಿಂಗಡವಾಗಿದ್ದರೆ ಅಲೆಯೋ ಪ್ರವಾಹವೋ ಅದನ್ನು ಆಡಿಸಿದೆ. ಚಿಪ್ಪಿನ ಮೇಲೆ ಬೇರೆ ಜೀವಿಗಳು ಅಂಟಿ ಮನೆ ಮಾಡಿದ್ದರೆ ಅದು ಸತ್ತ ಮೇಲೆ ಬಹುಕಾಲ ತಳದ ಮೇಲೆ ತೆರೆದು ಬಿದ್ದಿತ್ತು, ಮಣ್ಣು ನಿಧಾನ ಬೀಳುತ್ತಿತ್ತು. ಯಾವ ಜೀವಿ ಎಂಬುದರಷ್ಟೇ ಅದು ಯಾವ ಸ್ಥಿತಿಯಲ್ಲಿ ಸಿಕ್ಕಿತು ಎಂಬುದೂ ಸಾಕ್ಷ್ಯ.

ಅದರ ಮೇಲೆ ಕಲ್ಲಮೇಡಿನ ಮರಳು. ಕಡಲ ಚಿಪ್ಪು ಇಲ್ಲಿ ನಿಂತೇಹೋಗುತ್ತದೆ. ಬದಲಿಗೆ ಡೈನೋಸಾರ್ ಮೂಳೆ ಮತ್ತು ಹಲ್ಲು ಸಿಗುತ್ತವೆ. ಕಡಲು ಹಿಂದೆ ಸರಿದಿತ್ತು, ನದಿಗಳು ಆ ಜಾಗಕ್ಕೆ ಬಂದಿದ್ದವು. ಬಳಿಕ ನಿನಿಯೂರಿನ ಸುಣ್ಣಕಲ್ಲಿನಲ್ಲಿ ಕಡಲು ಮರಳಿ ಬರುತ್ತದೆ. ಬಂದ ಕಡಲಿನಲ್ಲಿ ನಾಟಿಲಸ್ ಇದೆ, ಹವಳವಿದೆ, ಪಾಚಿಯಿದೆ, ಅಮೊನೈಟ್ ಇಲ್ಲ. ಅಮೊನೈಟ್, ಡೈನೋಸಾರ್‌ಗಳನ್ನು ಅಳಿಸಿದ, 6.6 ಕೋಟಿ ವರ್ಷಗಳ ಹಿಂದಿನ ಮಹಾನಾಶ ಈ ಎರಡು ಪದರಗಳ ನಡುವೆ ಆಗಿಹೋಗಿತ್ತು.

ಬೆಂಗಳೂರಿನ ಪಾಲು

ನಿನಿಯೂರಿನ ಕಲ್ಲಿಗೆ ಬೆಂಗಳೂರಿನ ನಂಟಿದೆ. ಕರ್ನಾಟಕದ ಬಹುಪಾಲು ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಚಿಪ್ಪಿನ ಜೀವಿಗಳೇ ಹುಟ್ಟದಿದ್ದ ಕಾಲದ ಕಲ್ಲಿನಲ್ಲಿ ಚಿಪ್ಪು ಎಲ್ಲಿಂದ ಬರಬೇಕು? ಪಳೆಯುಳಿಕೆ ಕಲಿಸಬೇಕಾದ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಲ್. ರಾಮರಾವ್ ಅವರ ಕಣ್ಣು ಸಹಜವಾಗಿಯೇ ತಿರುಚಿರಾಪಳ್ಳಿಯ ಕಡೆ ಹೊರಳಿತು. ಅವರು ಹಿಡಿದದ್ದು ಕಣ್ಣಿಗೆ ಕಾಣುವ ಚಿಪ್ಪನ್ನಲ್ಲ. ಸುಣ್ಣಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರೊಳಗಿನ ಪಾಚಿಗಳನ್ನೂ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಕವಚಗಳನ್ನೂ ಹುಡುಕಿದರು. ವಿಯೆನ್ನಾದ ಜೂಲಿಯಸ್ ಪಿಯಾ ಅವರೊಡನೆ ನಿನಿಯೂರಿನ ಪಾಚಿಗಳ ಮೇಲೆ ಬರೆದ ಅವರ ಗ್ರಂಥ 1936ರಲ್ಲಿ ಪ್ಯಾಲಿಯಂಟಾಲಜಿಯಾ ಇಂಡಿಕಾ ಮಾಲೆಯಲ್ಲೇ ಬಂತು. ಆಗ ನಿನಿಯೂರಿನ ಪದರವನ್ನು ಕ್ರಿಟೇಶಿಯಸ್ಸಿನ ತುತ್ತತುದಿ ಎಂದು ಎಣಿಸುತ್ತಿದ್ದರು. ಈಗ ಅದು ಮಹಾನಾಶದ ನಂತರದ ಪೇಲಿಯೋಸೀನ್‌ಗೆ ಸೇರುತ್ತದೆ. ಕಲ್ಲು ಅದೇ, ಪಾಚಿಯೂ ಅದೇ. ಗಡಿಗೆರೆ ಎಲ್ಲಿ ಎಳೆಯಬೇಕೆಂಬ ಜಗತ್ತಿನ ಒಪ್ಪಂದ ಬದಲಾಯಿತು. 1958ರಲ್ಲಿ ಬೆಂಗಳೂರಿನಲ್ಲಿ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದಾಗ ಅದನ್ನು ಕಟ್ಟಿ ನಿಲ್ಲಿಸಿದವರಲ್ಲಿ ರಾಮರಾವ್ ಮುಂಚೂಣಿಯವರು.

ಸೂಕ್ಷ್ಮಜೀವಿಗಳ ಹಾದಿ ಮುಂದೆ ಬಹಳ ಉಪಯೋಗಕ್ಕೆ ಬಂತು. ಈ ಸೀಮೆಯನ್ನೂ ಒಳಗೊಂಡ ಕಾವೇರಿ ಕೊಳ್ಳದಲ್ಲಿ ತೈಲಕ್ಕಾಗಿ ಬಾವಿ ಕೊರೆಯುವಾಗ ಮೇಲೆ ಬರುವುದು ಪುಡಿಕಲ್ಲು. ಅದರಲ್ಲಿ ಇಡೀ ಅಮೊನೈಟ್ ಸಿಗುವುದು ಅಪರೂಪ. ಸಾಸಿವೆಗಿಂತ ಸಣ್ಣ ಫೊರಾಮಿನಿಫೆರಾ ಮಾತ್ರ ಹಿಡಿ ಮಣ್ಣಿನಲ್ಲಿ ರಾಶಿ ಸಿಗುತ್ತದೆ, ಬಾವಿ ಯಾವ ಕಾಲದ ಪದರ ಮುಟ್ಟಿದೆ ಎಂದು ಹೇಳುತ್ತದೆ.

ವರ್ಷಗಳು ಎಲ್ಲಿಂದ ಬಂದವು?

ಬ್ಲಾನ್‌ಫರ್ಡ್, ಸ್ಟೊಲಿಚ್ಕಾ, ಕೋಸ್ಮಾಟ್ ಯಾರೂ ಇಷ್ಟು ಕೋಟಿ ವರ್ಷ ಎಂದು ಬರೆಯಲಿಲ್ಲ. ಚಿಪ್ಪು ಹಿಂದು ಮುಂದು ಹೇಳುತ್ತದೆ, ಅಂಕಿ ಹೇಳುವುದಿಲ್ಲ. ಅಂಕಿ ಬಂದದ್ದು ಬಹುದೂರದಿಂದ. ಉತ್ತರ ಅಮೆರಿಕದ ನಡುವೆ ಕ್ರಿಟೇಶಿಯಸ್ ಕಾಲದಲ್ಲಿ ಇನ್ನೊಂದು ಕಡಲಿತ್ತು. ಅದರ ಚಿಪ್ಪಿನ ಪದರಗಳ ನಡುನಡುವೆ ಜ್ವಾಲಾಮುಖಿಯ ಬೂದಿ ಬಿದ್ದಿದೆ. ಬೂದಿಯ ಹರಳುಗಳಲ್ಲಿ ಪೊಟ್ಯಾಸಿಯಂ ನಿಗದಿತ ವೇಗದಲ್ಲಿ ಆರ್ಗಾನ್ ಆಗುವುದನ್ನು ಅಳೆದರೆ ವರ್ಷ ಸಿಗುತ್ತದೆ. ಜಾನ್ ಒಬ್ರಡೋವಿಚ್ ಮತ್ತು ವಿಲಿಯಂ ಕಾಬನ್ 1975ರಲ್ಲಿ ಹೀಗೆ ಅಮೊನೈಟ್ ವಲಯಗಳಿಗೂ ವರ್ಷಗಳಿಗೂ ಗಂಟು ಹಾಕಿದರು. ಎರಡೆರಡು ಪ್ರದೇಶಗಳಲ್ಲಿ ಸಮಾನವಾಗಿ ಸಿಗುವ ಜೀವಿಗಳ ಕೊಂಡಿ ಹಿಡಿದು ಆ ಅಂಕಿಗಳು ಹಂತಹಂತವಾಗಿ ಜಗತ್ತಿಗೆಲ್ಲ ಹರಡಿದವು. ಅರಿಯಲೂರಿನ ಪದರಕ್ಕೆ ನಾವು ಹೇಳುವ ವರ್ಷದ ಹಿಂದೆ ಅಮೆರಿಕದ ಬೂದಿಯೂ ಇದೆ.

ನೀರಿನ ಬಿಸಿಯನ್ನೂ ಚಿಪ್ಪು ಹೇಳಬಲ್ಲದು. ಚಿಪ್ಪು ಕಟ್ಟುವಾಗ ಜೀವಿ ನೀರಿನಿಂದ ಹೀರಿಕೊಳ್ಳುವ ಆಮ್ಲಜನಕದ ಭಾರದ ಮತ್ತು ಹಗುರದ ಪರಮಾಣುಗಳ ಪ್ರಮಾಣ ನೀರಿನ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಹೆರಾಲ್ಡ್ ಯೂರಿ ಮತ್ತು ಅವರ ಶಿಕಾಗೊ ತಂಡ ಈ ವಿಧಾನ ಕಟ್ಟಿದ್ದು ಬೆಲೆಮ್ನೈಟ್‌ಗಳನ್ನು ಹಿಡಿದೇ. ದಕ್ಷಿಣ ಕೆರೊಲಿನಾದ ಪೀಡೀ ಪದರದ ಒಂದು ಬೆಲೆಮ್ನೈಟ್ ಈ ಅಳತೆಗಳಿಗೆಲ್ಲ ಮೂಲ ಮಾನದಂಡವಾಯಿತು. ಕಾರೈಯ ದಿಬ್ಬದಲ್ಲಿ ಕಾಲಿಗೆ ತಾಗುವ ಕಡ್ಡಿಗಳಿಗೆ ಅಷ್ಟು ಬೆಲೆಯಿದೆ.

ಮುಳುಗಿದ ಖಂಡ, ಸರಿದ ಖಂಡ

ತೀರ ಕಟ್ಟುವುದರ ಜೊತೆಗೆ ಈ ಚಿಪ್ಪುಗಳು ಇನ್ನೊಂದು ದೊಡ್ಡ ಪ್ರಶ್ನೆ ಎಬ್ಬಿಸಿದವು. ನರ್ಮದಾ ಕಣಿವೆಯ ಬಾಘ್‌ನಲ್ಲಿಯೂ ಕ್ರಿಟೇಶಿಯಸ್ ಕಡಲಿನ ಚಿಪ್ಪುಗಳಿವೆ. ಅವು ಅರೇಬಿಯ, ಯುರೋಪುಗಳ ಚಿಪ್ಪನ್ನು ಹೋಲುತ್ತವೆ. ತಿರುಚಿರಾಪಳ್ಳಿಯದನ್ನು ಹೋಲುವುದು ಕಡಿಮೆ. ತಿರುಚಿರಾಪಳ್ಳಿಯವಕ್ಕೆ ದಕ್ಷಿಣ ಆಫ್ರಿಕ, ಮಡಗಾಸ್ಕರ್, ಜಪಾನ್‌ಗಳ ಚಿಪ್ಪುಗಳೊಡನೆ ನೆಂಟಸ್ತನ. ಒಂದೇ ದೇಶದ ಎರಡು ಕಡಲು ಬೇರೆ ಬೇರೆ ಏಕೆ? ನಡುವೆ ಎರಡನ್ನೂ ಬೇರ್ಪಡಿಸುವ ನೆಲವಿದ್ದಿರಬೇಕು. ಗಿಡಗಳ ಪಳೆಯುಳಿಕೆಗಳ ಸಾಕ್ಷ್ಯವನ್ನೂ ಸೇರಿಸಿ ಬ್ಲಾನ್‌ಫರ್ಡ್ 1875ರಲ್ಲಿ, ಭಾರತವನ್ನೂ ಆಫ್ರಿಕವನ್ನೂ ಕೂಡಿಸಿದ್ದು ಬಳಿಕ ಮುಳುಗಿಹೋದ ಒಂದು ಖಂಡವನ್ನೇ ಊಹಿಸಿದರು. ಅದಕ್ಕೂ ಹನ್ನೊಂದು ವರ್ಷ ಮೊದಲು ಫಿಲಿಪ್ ಸ್ಕ್ಲೇಟರ್ ಲೆಮೂರ್ ಪ್ರಾಣಿಗಳ ಹಂಚಿಕೆ ನೋಡಿ ಲೆಮೂರಿಯಾ ಎಂದಿದ್ದ. ತಮಿಳುನಾಡಿನಲ್ಲಿ ಕುಮರಿ ಖಂಡದ ಕಥೆಗೆ ಬಲ ತುಂಬಿದ್ದು ಇಂಥ ಊಹೆಗಳೇ.

ಖಂಡ ಮುಳುಗಲಿಲ್ಲ, ಖಂಡಗಳು ಸರಿದವು ಎಂಬುದು ಇಪ್ಪತ್ತನೆಯ ಶತಮಾನದ ತಿಳಿವು. ಗೊಂಡ್ವಾನ ಒಡೆದಾಗ ಭಾರತ ಅಂಟಾರ್ಕ್ಟಿಕಾದಿಂದ ಕಳಚಿಕೊಂಡಿತು. ಬಿರುಕಿನ ಅಂಚು ಕುಸಿದು ಕಾವೇರಿ ಕೊಳ್ಳವಾಯಿತು, ಅದರೊಳಕ್ಕೆ ಕಡಲು ನುಗ್ಗಿತು. ಫೋರ್ಬ್ಸ್ ಹೆಸರಿಟ್ಟ ಇಂದ್ರ ಕೆನಡದ ವ್ಯಾಂಕೂವರ್ ದ್ವೀಪದ ಕಲ್ಲಿನಲ್ಲಿ ಸಿಕ್ಕಿದ್ದಾನೆ, ವರುಣ ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದ್ದಾನೆ. ಮುಳುಗಿದ ಖಂಡದ ಊಹೆ ಬಿದ್ದುಹೋಯಿತು. ಅದಕ್ಕೆ ಆಧಾರವಾದ ಚಿಪ್ಪಿನ ಸಾಕ್ಷ್ಯ ಬೀಳಲಿಲ್ಲ. ಪದರದ ಗುರುತಿನೊಂದಿಗೆ ಅದು ಸಂಗ್ರಹದಲ್ಲಿತ್ತು, ಹೊಸ ತಿಳಿವಿಗೆ ಒದಗಿತು.

ಜಾಗ ತಪ್ಪಿದರೆ

2020ರ ಅಕ್ಟೋಬರಿನಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಕೆರೆ ಹೂಳೆತ್ತುವಾಗ ಗುಂಡನೆಯ ದೊಡ್ಡ ಕಲ್ಲುಗಳು ಸಿಕ್ಕವು. ಡೈನೋಸಾರ್ ಮೊಟ್ಟೆ ಎಂಬ ಸುದ್ದಿ ಮೊಬೈಲುಗಳಲ್ಲಿ ಹಬ್ಬಿತು. ತಜ್ಞರು ನೋಡಿ, ಅಮೊನೈಟ್‌ನ ಸುತ್ತ ಖನಿಜ ಕಟ್ಟಿಕೊಂಡ ಗುಂಡುಗಳಿವು ಎಂದರು. ಜನರಿಗೆ ನಿರಾಸೆಯಾಯಿತು. ಆ ಊರಿನ ಮಣ್ಣು ಯಾವ ಕಾಲದ್ದು ಎಂದು ಹೇಳುವ ಕೆಲಸದಲ್ಲಿ ಮೊಟ್ಟೆಗಿಂತ ಅಮೊನೈಟೇ ದೊಡ್ಡ ಸಾಕ್ಷಿ ಎಂಬುದನ್ನು ಹೇಳುವವರು ಕಡಿಮೆಯಿದ್ದರು.

ನಿಜವಾದ ಡೈನೋಸಾರ್ ಸಿಕ್ಕಾಗಲೂ ಉಳಿಸಿಕೊಳ್ಳಲು ಆಗಲಿಲ್ಲ. 1980ರ ದಶಕದಲ್ಲಿ ಭೂವಿಜ್ಞಾನಿಗಳಾದ ಯಾದಗಿರಿ ಮತ್ತು ಅಯ್ಯಸಾಮಿ ಕಲ್ಲಮೇಡಿನ ಮಹಾಗಾತ್ರದ ಮೂಳೆಗಳನ್ನು ವಿವರಿಸಿ ಬೃಹತ್ಕಾಯೋಸಾರಸ್ ಎಂದು ಹೆಸರಿಟ್ಟರು. ಮೊಣಕಾಲ ಕೆಳಗಿನ ಒಂದು ಮೂಳೆಯೇ ಎರಡು ಮೀಟರ್ ಉದ್ದ. ಹಸಿ ನೆಲದ ಆ ಮೂಳೆಗಳು ಪುಡಿಯಾಗಿ ಹೋದವು. ಇಂದು ಉಳಿದಿರುವುದು ಚಿತ್ರ ಮತ್ತು ಅಳತೆ. ಭೂಮಿಯ ಮೇಲೆ ನಡೆದ ಅತಿ ದೊಡ್ಡ ಪ್ರಾಣಿಗಳಲ್ಲಿ ಒಂದೇ ಎಂಬ ಚರ್ಚೆ ಅವುಗಳ ಮೇಲೆಯೇ ನಡೆದಿದೆ.

ಈ ಪದರಗಳ ಸುಣ್ಣಕಲ್ಲು ಸಿಮೆಂಟಿಗೆಂದು ಗಣಿಗಳಲ್ಲಿ ಕರಗುತ್ತಿದೆ. ಸಿಮೆಂಟ್ ಬೇಡ ಎನ್ನಲಾಗುವುದಿಲ್ಲ, ಗಣಿ ನಿಲ್ಲುವುದೂ ಇಲ್ಲ. ಆ ಸೀಮೆಯ ಗಣಿಗಳೇ ಎಷ್ಟೋ ಪದರಗಳನ್ನು ಭೂವಿಜ್ಞಾನಿಗಳ ಕಣ್ಣಿಗೆ ತೆರೆದು ತೋರಿಸಿವೆ. ಆದರೆ ಗೋಡೆ ಕಡಿದು ಹೋಗುವ ಮೊದಲು ಪದರಗಳನ್ನು ಅಳೆದು ಬರೆದಿಡುವುದು, ಆಯ್ದ ಕೆಲವು ಗೋಡೆಗಳನ್ನು ಹಾಗೆಯೇ ಉಳಿಸುವುದು ಸರ್ಕಾರದಿಂದ, ಕಾರ್ಖಾನೆಗಳಿಂದ ಆಗಬೇಕಾದ ಕೆಲಸ. ನಮ್ಮ ಕೈಯಲ್ಲಿರುವುದು ಚಿಕ್ಕದು. ಫೋರ್ಬ್ಸ್‌ನಂಥ ವಿದ್ವಾಂಸನೂ ಎಡವಿದ್ದು ಚಿಪ್ಪು ಪೆಟ್ಟಿಗೆಯಲ್ಲಿ ಬಂದು ಪದರ ನೆಲದಲ್ಲೇ ಉಳಿದದ್ದರಿಂದ. ಮುಂದೆ ಅರಿಯಲೂರಿಗೋ, ಕಛ್ಛಿಗೋ, ಸ್ಪಿತಿಗೋ ಹೋದಾಗ ಕಾಲ ಬಳಿ ಒಂದು ಸುರುಳಿಗಲ್ಲು ಕಂಡರೆ ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲಿಯೇ ಫೋಟೊ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ. ಜಾಗ ಬಿಟ್ಟು ಬಂದ ಪಳೆಯುಳಿಕೆ ಮೇಜಿನ ಮೇಲಿನ ಅಲಂಕಾರಕ್ಕೆ ಆದೀತು, ಇತಿಹಾಸಕ್ಕೆ ಆಗುವುದಿಲ್ಲ.